ದಾರಿಹೋಕನ ಸೋಸುಬಟ್ಟೆ

ಯುಗಾದಿ ಹತ್ತಿರವಾಯಿತೆಂದರೆ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಹಳ್ಳಿಹಳ್ಳಿಯಿಂದ ಜನ ಶ್ರೀಶೈಲದ ಮಲ್ಲಯ್ಯನ ದಾರಿ ಹಿಡಿಯುತ್ತಾರೆ. ಹೆಗಲ ಮೇಲೆ ಕಂಬಿ, ಬಗಲಲ್ಲಿ ಬುತ್ತಿಯ ಗಂಟು. ಕೃಷ್ಣೆಯನ್ನು ದಾಟಿ, ರಾಯಚೂರು ಸೀಮೆಯನ್ನು ಹಾಯ್ದು, ಕರ್ನೂಲಿನ ಮೇಲೆ ಆತ್ಮಕೂರಿಗೆ ಬಂದು, ವೆಂಕಟಾಪುರದ ಬಳಿ ನಲ್ಲಮಲದ ಅಡವಿಯನ್ನು ಹೊಗುವ ಈ ನಡಿಗೆ ಹತ್ತು ಹನ್ನೆರಡು ದಿನದ್ದು. ಬಿಸಿಲು ನೆತ್ತಿಯ ಮೇಲೆ. ರೊಟ್ಟಿಯನ್ನು ಯಾರಾದರೂ ಕೊಟ್ಟಾರು, ಮಲಗಲು ಯಾವುದಾದರೊಂದು ಗುಡಿಯ ಕಟ್ಟೆ ಸಿಕ್ಕೀತು. ನಡೆಯುವವನ ಚಿಂತೆಯೆಲ್ಲ ನೀರಿನದು.

ಹೋದ ವರ್ಷ ನಾನೂ ಹೊರಟೆ. ಎಪ್ಪತ್ತರ ಹೊಸ್ತಿಲಿಗೆ ಬಂದ ಮುದುಕ ಅಡವಿಯಲ್ಲಿ ಹಳ್ಳದ ನೀರು ಕುಡಿದು ಮಲಗಿಬಿಟ್ಟಾನೆಂದು ಹೆದರಿ, ಬೆಂಗಳೂರಿನಲ್ಲಿರುವ ಮೊಮ್ಮಗ ಒಂದು ಸಲಕರಣೆಯನ್ನು ಕಳಿಸಿಕೊಟ್ಟ. ಅವನು ರಜೆ ಬಂದರೆ ಸಹ್ಯಾದ್ರಿಯ ಗುಡ್ಡಗಳನ್ನು ಹತ್ತುವ ಹುಡುಗ. ಹೆಬ್ಬೆರಳಿಗಿಂತ ತುಸು ದಪ್ಪನಾದ ಒಂದು ಕೊಳವೆ, ಮಡಚಿದರೆ ಅಂಗಿಯ ಕಿಸೆಯಲ್ಲಿ ಅಡಗುವ ಒಂದು ಚೀಲ. ಎರಡೂ ಸೇರಿ ನೂರು ಗ್ರಾಮಿನ ಆಸುಪಾಸು. ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತಿದ್ದಾಗ ನನಗೆ ನೆನಪಾದದ್ದು ನಮ್ಮ ಆಯಿಯ ಹಳೆಯ ಇಳಕಲ್ಲ ಸೀರೆಯ ತುಂಡು. ಕೊಡದ ಬಾಯಿಗೆ ಅದನ್ನು ಎರಡು ಮಡಿಕೆ ಹಾಕಿ ಕಟ್ಟಿ ನೀರು ಸೋಸಿದ ಹೊರತು ಆಕೆ ಒಲೆಯ ಮುಂದೆ ಕೂರುತ್ತಿರಲಿಲ್ಲ. ಈ ಕೊಳವೆಗೂ ಆ ಬಟ್ಟೆಗೂ ನಂಟಿದೆ. ಆ ನಂಟಿನ ಕತೆ ನಮ್ಮ ನಾಲ್ಕು ತಾಲ್ಲೂಕುಗಳ ಮೂಲಕವೂ ಹಾದುಹೋಗುತ್ತದೆ. ಅದಕ್ಕಾಗಿಯೇ ಈ ಬರಹ.

ದೂರ ನಡೆಯುವವನು ನೀರು ಸೋಸುವ ಸಾಧನವನ್ನು ಜೊತೆಗೆ ಒಯ್ಯಬೇಕೆಂಬುದು ಹೊಸ ಮಾತಲ್ಲ. ಮನುಸ್ಮೃತಿಯ ಆರನೆಯ ಅಧ್ಯಾಯದಲ್ಲಿ ಸಂನ್ಯಾಸಿಗೆ ಹೇಳಿದ ನಿಯಮಗಳಲ್ಲಿ, ನೋಡಿ ಹೆಜ್ಜೆ ಇಡಬೇಕು ಎಂಬುದರ ಬೆನ್ನಿಗೇ ಬಟ್ಟೆಯಿಂದ ಶುದ್ಧವಾದ ನೀರನ್ನು ಕುಡಿಯಬೇಕು ಎಂಬುದು ಬರುತ್ತದೆ. ಮನೆ ಬಿಟ್ಟು ತಿರುಗುವವನಿಗೆ ಹೇಳಿದ ಮಾತಿದು ಎಂಬುದನ್ನು ಗಮನಿಸಬೇಕು. ಬೌದ್ಧ ಭಿಕ್ಷುವಿನ ಎಂಟು ಪರಿಕರಗಳಲ್ಲಿ ಭಿಕ್ಷಾಪಾತ್ರೆ, ಸೂಜಿಗಳ ಸಾಲಿನಲ್ಲಿ ನೀರು ಸೋಸುವ ಬಟ್ಟೆಯೂ ಒಂದು. ವಿನಯಪಿಟಕದಲ್ಲಿ ಇದಕ್ಕೊಂದು ಕತೆಯಿದೆ. ಕೋಸಲ ದೇಶದ ದಾರಿಯಲ್ಲಿ ಇಬ್ಬರು ಭಿಕ್ಷುಗಳು ನಡೆದಿದ್ದರು. ಒಬ್ಬನ ನಡತೆಯನ್ನು ಇನ್ನೊಬ್ಬ ತಿದ್ದಲು ಹೋದುದರಿಂದ ಮನಸ್ತಾಪ ಹುಟ್ಟಿತು. ಮುಂದೆ ತಿದ್ದಿದವನಿಗೆ ನೀರಡಿಕೆಯಾಗಿ, ಸೋಸುಬಟ್ಟೆಯನ್ನು ಕೊಡೆಂದು ಕೇಳಿದಾಗ ಮೊದಲಿನವನು ಸಿಟ್ಟಿನಿಂದ ಕೊಡಲಿಲ್ಲ. ಸೋಸದ ನೀರನ್ನು ಕುಡಿಯಲಾರದೆ ಆತ ದಾರಿಯಲ್ಲೇ ಪ್ರಾಣಬಿಟ್ಟ. ಅಂದಿನಿಂದ ಎರಡು ನಿಯಮಗಳಾದುವು: ಸೋಸುಬಟ್ಟೆಯಿಲ್ಲದೆ ಯಾರೂ ದೂರದ ದಾರಿಗೆ ಹೊರಡಬಾರದು, ದಾರಿಯಲ್ಲಿ ಕೇಳಿದವನಿಗೆ ಅದನ್ನು ಇಲ್ಲವೆನ್ನಬಾರದು. ಬಟ್ಟೆ ಇಲ್ಲದಿದ್ದರೆ ಹೊದ್ದ ಚೀವರದ ಸೆರಗಿನಿಂದಲಾದರೂ ಸೋಸಿಕೊಳ್ಳಬಹುದೆಂದು ಅನುಮತಿಯೂ ದೊರೆಯಿತು.

ಕ್ರಿ.ಶ. 671ರಲ್ಲಿ ಚೀನದಿಂದ ಹೊರಟು 695ರಲ್ಲಿ ಹಿಂತಿರುಗಿದ ಯಾತ್ರಿಕ ಇತ್ಸಿಂಗ್ ಭಾರತದ ಭಿಕ್ಷುಗಳ ದಿನಚರಿಯನ್ನು ಬರೆಯುವಾಗ ಈ ಸೋಸುಬಟ್ಟೆಗೆಂದೇ ಸಾಕಷ್ಟು ಜಾಗ ಕೊಟ್ಟಿದ್ದಾನೆ. ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಹುಳುಗಳನ್ನು ಜೀವಸಹಿತ ನೀರಿಗೆ ಮರಳಿ ಬಿಡುವ ಬಗೆಯನ್ನೂ ಅವನು ವಿವರಿಸುತ್ತಾನೆ. ಜೈನ ಶ್ರಾವಕರಲ್ಲಿಯೂ ಗಾಳಿಸದ ನೀರು ನಿಷಿದ್ಧ. ಗಾಳಿಸಿದ ಬಟ್ಟೆಯನ್ನು ತೊಳೆದ ನೀರನ್ನು, ಯಾವ ಬಾವಿಯಿಂದ ತಂದರೋ ಅದೇ ಬಾವಿಗೆ ಮೆಲ್ಲನೆ ಸುರಿಯುವುದು ಅವರ ಪದ್ಧತಿ. ಹೀಗೆ ಈ ಪರಂಪರೆಯಲ್ಲಿ ಸೋಸುವುದರ ಉದ್ದೇಶ ನೀರಿನಲ್ಲಿರುವ ಸಣ್ಣ ಜೀವಿಯ ರಕ್ಷಣೆ. ಕುಡಿಯುವವನ ಆರೋಗ್ಯ ಅದರ ಹಿಂದೆ, ಕೇಳದೆಯೇ ಬಂದ ಲಾಭ.

ಇನ್ನು ನಮ್ಮ ಸೀಮೆಯ ನೀರು. ಇಂಡಿ, ಸಿಂದಗಿಗಳ ಬಡಗಣ ಅಂಚಿನಲ್ಲಿ ಭೀಮೆ, ಬಾಗೇವಾಡಿ, ಮುದ್ದೇಬಿಹಾಳಗಳ ತೆಂಕಣ ಅಂಚಿನಲ್ಲಿ ಕೃಷ್ಣೆ, ನಡುವೆ ಡೋಣಿ. ಡೋಣಿ ಹರಿದರೆ ಓಣಿ ತುಂಬ ಜೋಳ ಎಂಬ ಅರ್ಥದ ಗಾದೆ ನಮ್ಮಲ್ಲಿದೆ. ಅದರ ಎರೆಮಣ್ಣು ಅಂಥದು. ಆದರೆ ಹೊಳೆಯ ನೀರು ಉಪ್ಪು. ಹೊಳೆಗಳಿಂದ ದೂರವಿದ್ದ ಊರುಗಳಿಗೆ ಆಧಾರ ಬಾವಿ, ಕೆರೆಗಳು. ಆದಿಲಶಾಹಿಗಳು ಬಿಜಾಪುರ ಪಟ್ಟಣಕ್ಕೆ ನೆಲದೊಳಗಿನ ಕಾಲುವೆ, ನೀರಿನ ಗುಂಜುಗಳು, ತಾಜ ಬಾವಡಿ, ಚಾಂದ ಬಾವಡಿಗಳನ್ನು ಕಟ್ಟಿಸಿದರು. ದಾರಿಹೋಕನಿಗೆ ಇದ್ದದ್ದು ಅರವಟ್ಟಿಗೆ. ಅದಕ್ಕೆ ಭೂಮಿ ಬಿಟ್ಟ ದತ್ತಿಗಳು ಕನ್ನಡ ಶಾಸನಗಳಲ್ಲಿ ಸಿಗುತ್ತವೆ. ಅರವಟ್ಟಿಗೆ ಸಿಗದ ಹರದಾರಿಗಳಲ್ಲಿ ಕಂಡ ಕೆರೆಗೆ ಇಳಿಯಬೇಕು, ಇಲ್ಲವೆ ಪಾವಟಿಗೆಯ ಬಾವಿಗೆ.

ಪಾವಟಿಗೆಯ ಬಾವಿ ಎಂದರೆ ಮೆಟ್ಟಿಲು ಬಾವಿ. ಬೇಸಗೆಯಲ್ಲಿ ನೀರು ತಳಕ್ಕೆ ಹೋದಂತೆಲ್ಲ ಜನವೂ ಮೆಟ್ಟಿಲಿಳಿದು ಹಿಂದೆಯೇ ಹೋಗುತ್ತಾರೆ. ಹಗ್ಗ ಬೇಡ, ಗಡಗಡೆ ಬೇಡ. ಮೊಣಕಾಲಿನವರೆಗೆ ನೀರಿಗಿಳಿದು ಕೊಡವನ್ನು ಅದ್ದಿದರೆ ಮುಗಿಯಿತು. ಬಡವರಿಗೆ ಇದಕ್ಕಿಂತ ಅನುಕೂಲದ ಬಾವಿಯಿಲ್ಲ. ನಾರುಹುಣ್ಣಿಗೂ ಇದಕ್ಕಿಂತ ಅನುಕೂಲದ ಮನೆಯಿಲ್ಲ.

ನಾರುಹುಣ್ಣನ್ನು ಇಂದಿನ ವಾಚಕರಲ್ಲಿ ಬಹುಮಂದಿ ಕಂಡಿರಲಾರರು. ನಾನು ಕಂಡಿದ್ದೇನೆ. 1965ರ ಚೈತ್ರದಲ್ಲಿ ನನ್ನ ಸೋದರಮಾವ, ಸಿಂದಗಿ ತಾಲ್ಲೂಕಿನ ನಮ್ಮ ಹಳ್ಳಿಯಿಂದ ಕಂಬಿಯ ಜೊತೆ ಶ್ರೀಶೈಲಕ್ಕೆ ನಡೆದು ಬಂದ. ಮನೆಯಲ್ಲಿ ಸೋಸಿದ ನೀರನ್ನು ಕುಡಿದವನು ದಾರಿಯಲ್ಲಿ ಎಲ್ಲರಂತೆ ಬೊಗಸೆಯಲ್ಲಿ ಕುಡಿದ. ಪ್ರಸಾದ ಹಂಚಿದ, ಹೊಲಕ್ಕೆ ಹೋದ. ವರ್ಷ ಸುಖವಾಗಿ ಕಳೆಯಿತು. ಮರುವರ್ಷ ಅದೇ ಹೊತ್ತಿಗೆ ಅವನ ಹಿಮ್ಮಡಿಯ ಮೇಲೆ ಗುಳ್ಳೆಯೆದ್ದು, ಕೆಂಡವಿಟ್ಟಂತೆ ಉರಿದು, ಒಡೆದು, ಬಿಳಿಯ ನೂಲಿನಂಥ ಹುಳುವಿನ ತುದಿ ಕಾಣಿಸಿಕೊಂಡಿತು. ಎರಡು ಮೂರಡಿ ಉದ್ದದ ಹುಳು. ಎಳೆದರೆ ಹರಿಯುತ್ತದೆ, ಹರಿದರೆ ಕಾಲು ಕೀವಾಗುತ್ತದೆ. ಆದುದರಿಂದ ಕಡ್ಡಿಗೆ ಸುತ್ತಿ ದಿನಕ್ಕೆ ಒಂದೆರಡು ಅಂಗುಲ ಮಾತ್ರ ಹೊರತೆಗೆಯಬೇಕು. ಮಾವ ಒಂದೂವರೆ ತಿಂಗಳು ಹೊಲ ಕಾಣಲಿಲ್ಲ. ಉರಿ ತಾಳದಾದಾಗ ಕುಂಟುತ್ತ ಬಾವಿಗೆ ಹೋಗಿ, ಕೊನೆಯ ಮೆಟ್ಟಿಲ ಮೇಲೆ ಕೂತು, ಕಾಲನ್ನು ತಣ್ಣೀರಿನಲ್ಲಿ ಇಳಿಬಿಡುತ್ತಿದ್ದ. ಹತ್ತು ವರ್ಷದವನಾದ ನಾನು ಅವನ ಪಕ್ಕದಲ್ಲಿ ಕೂತು ಕಲ್ಲೆಸೆಯುತ್ತಿದ್ದೆ. ಆ ಬಾವಿಯಲ್ಲಿ ಊರೆಲ್ಲ ನೀರು ತುಂಬುತ್ತಿತ್ತು.

1967ರ ಬೇಸಗೆಯಲ್ಲಿ ನಮ್ಮ ಓಣಿಯ ಹನ್ನೊಂದು ಮಂದಿಗೆ ನಾರುಹುಣ್ಣಾಯಿತು. ನಮ್ಮ ಮನೆಯಲ್ಲಿ ಒಬ್ಬರಿಗೂ ಆಗಲಿಲ್ಲ. ಮಲ್ಲಯ್ಯ ನಮ್ಮ ಮನೆತನವನ್ನು ಕಾಯ್ದನೆಂದು ಊರವರು ಕೈಮುಗಿದರು; ನಾವೂ ಹಾಗೆಯೇ ತಿಳಿದೆವು.

ಆ ಹನ್ನೊಂದು ಮಂದಿಗೆ ಏನಾಯಿತೆಂಬುದನ್ನು ತಿಳಿಸಬಲ್ಲ ವಿದ್ಯೆ ಅದಕ್ಕೂ ತೊಂಬತ್ತೇಳು ವರ್ಷ ಹಿಂದೆಯೇ ಹುಟ್ಟಿತ್ತು. 1870ರಲ್ಲಿ ರಷ್ಯದ ಅಲೆಕ್ಸಿ ಫೆಡ್‌ಚೆಂಕೊ ಎಂಬ ಪ್ರಕೃತಿವಿಜ್ಞಾನಿ ತುರ್ಕಿಸ್ತಾನದಲ್ಲಿ, ಈ ಹುಳುವಿನ ಮರಿಗಳು ಸೈಕ್ಲಾಪ್ಸ್ ಎಂಬ ಸಣ್ಣ ನೀರುಜೀವಿಯ ದೇಹವನ್ನು ಹೊಗುವುದನ್ನು ಕಂಡುಹಿಡಿದ. ರೋಗಿಯ ಕಾಲು ನೀರಿಗೆ ತಾಗಿದೊಡನೆ ಹುಳು ಲಕ್ಷಗಟ್ಟಲೆ ಮರಿಗಳನ್ನು ಚೆಲ್ಲುತ್ತದೆ. ಸೈಕ್ಲಾಪ್ಸ್ ಅವನ್ನು ನುಂಗುತ್ತದೆ, ಮನುಷ್ಯ ನೀರಿನ ಜೊತೆ ಸೈಕ್ಲಾಪ್ಸನ್ನು ನುಂಗುತ್ತಾನೆ, ಸುಮಾರು ಒಂದು ವರ್ಷದ ಮೇಲೆ ಹುಳು ಚರ್ಮವನ್ನು ಸೀಳಿ ಹೊರಬರುತ್ತದೆ. ನಮ್ಮ ನಾಡಿನಲ್ಲಿಯೂ 1930ರ ದಶಕದಲ್ಲಿ ವಿ. ಎನ್. ಮೂರ್ತಿ ಮತ್ತು ಡಬ್ಲ್ಯು. ಸಿ. ಸ್ವೀಟ್ ಎಂಬುವರು ಚಿತ್ರದುರ್ಗ ಜಿಲ್ಲೆಯ ಮೆಟ್ಟಿಲು ಬಾವಿಗಳನ್ನು ಪರೀಕ್ಷಿಸಿ, ಸೈಕ್ಲಾಪ್ಸನ್ನು ತಿನ್ನುವ ಮೀನುಗಳನ್ನು ಬಾವಿಗೆ ಬಿಟ್ಟು ರೋಗವನ್ನು ತಡೆಯುವ ಪ್ರಯೋಗ ನಡೆಸಿದ್ದರು.

ಸೈಕ್ಲಾಪ್ಸ್ ಸುಮಾರು ಒಂದು ಮಿಲಿಮೀಟರಿನ ಜೀವಿ. ದಟ್ಟವಾಗಿ ನೇಯ್ದ ಬಟ್ಟೆಯ ಎರಡು ಮಡಿಕೆಯನ್ನು ಅದು ದಾಟಲಾರದು. ಊರ ಬಾವಿಗೆ ರೋಗ ತಂದ ಕಾಲು ನಮ್ಮ ಮನೆಯದು. ಆ ರೋಗದಿಂದ ನಮ್ಮ ಮನೆಯನ್ನಷ್ಟೇ ಕಾಯ್ದದ್ದು ಆಯಿಯ ಸೀರೆಯ ತುಂಡು.

ಭಾರತ ಸರ್ಕಾರ 1983-84ರಲ್ಲಿ ನಾರುಹುಣ್ಣಿನ ನಿರ್ಮೂಲನಕ್ಕಾಗಿ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. 1984ರ ಲೆಕ್ಕದಂತೆ ಕರ್ನಾಟಕವೂ ಸೇರಿ ಏಳು ರಾಜ್ಯಗಳ 89 ಜಿಲ್ಲೆಗಳಲ್ಲಿ, 12,840 ಹಳ್ಳಿಗಳಲ್ಲಿ ಸುಮಾರು ನಲವತ್ತು ಸಾವಿರ ರೋಗಿಗಳಿದ್ದರು. ಲಸಿಕೆಯಿಲ್ಲ, ಹುಳುವನ್ನು ಕೊಲ್ಲುವ ಔಷಧಿಯೂ ಇಲ್ಲ. ಇದ್ದ ಉಪಾಯಗಳು ಎಲ್ಲರಿಗೂ ತಿಳಿಯುವಂಥವು: ಮೆಟ್ಟಿಲು ಬಾವಿಯನ್ನು ಕಟ್ಟೆ ಕಟ್ಟಿ ಸೇದುವ ಬಾವಿಯಾಗಿ ಮಾಡುವುದು, ಕೈಪಂಪು ಹಾಕುವುದು, ಸೈಕ್ಲಾಪ್ಸ್ ಸಾಯುವಂತೆ ನೀರಿಗೆ ಟೆಮಿಫಾಸ್ ಬೆರೆಸುವುದು, ರೋಗಿ ನೀರಿಗಿಳಿಯದಂತೆ ನೋಡುವುದು, ಮನೆಮನೆಗೂ ಸೋಸುವ ಬಟ್ಟೆಯನ್ನು ಹಂಚುವುದು. ದೇಶದ ಕೊನೆಯ ರೋಗಿ ಕಂಡುಬಂದದ್ದು 1996ರ ಜುಲೈಯಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 2000ದ ಫೆಬ್ರವರಿಯಲ್ಲಿ ಭಾರತವನ್ನು ನಾರುಹುಣ್ಣಿನಿಂದ ಮುಕ್ತವೆಂದು ಸಾರಿತು.

ಆ ದಿನಗಳಲ್ಲೊಮ್ಮೆ ಆರೋಗ್ಯ ಕಾರ್ಯಕರ್ತನೊಬ್ಬ ನಮ್ಮ ಊರ ಗುಡಿಯ ಕಟ್ಟೆಯ ಮೇಲೆ ಚಿತ್ರಗಳನ್ನು ಬಿಡಿಸಿಟ್ಟು ಈ ಹುಳುವಿನ ಸುತ್ತನ್ನು ವಿವರಿಸಿದ. ಮೆಟ್ಟಿಲ ಮೇಲೆ ಕೂತ ಮನುಷ್ಯ, ನೀರಿನಲ್ಲಿ ಅವನ ಕಾಲು, ಪಕ್ಕದಲ್ಲಿ ಕೊಡ ತುಂಬುವ ಹೆಂಗಸು. ಆಯಿ ಆ ಚಿತ್ರವನ್ನು ಬಹಳ ಹೊತ್ತು ನೋಡಿದಳು. ಮನೆಗೆ ಬಂದ ಮೇಲೆ, “ಹಂಗಾದ್ರ ಆ ಹನ್ನೊಂದು ಮಂದಿಗಿ ಕೊಟ್ಟವ್ರು ನಾವಽ ಏನೋ ತಮ್ಮಾ?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಮರುದಿನ ಆಕೆ ಪೆಟ್ಟಿಗೆಯಲ್ಲಿದ್ದ ಹಳೆಯ ಸೀರೆಗಳನ್ನು ತೆಗೆದು ಮೊಳದಷ್ಟು ಮೊಳದಷ್ಟು ಹರಿದು ಓಣಿಯ ಮನೆಮನೆಗೆ ಕೊಟ್ಟು ಬಂದಳು. ಸರ್ಕಾರದ ಬಟ್ಟೆ ಎಲ್ಲರ ಮನೆಗೂ ಬಂದಿತ್ತು, ಆದರೂ ಕೊಟ್ಟಳು.

ಇಷ್ಟರಲ್ಲಿ ಆಫ್ರಿಕ ಖಂಡದಲ್ಲಿ ಇದೇ ರೋಗದ ಮೇಲೆ ಇನ್ನೂ ದೊಡ್ಡ ಹೋರಾಟ ನಡೆದಿತ್ತು. 1986ರಲ್ಲಿ ಜಗತ್ತಿನಲ್ಲಿ ಸುಮಾರು ಮೂವತ್ತೈದು ಲಕ್ಷ ರೋಗಿಗಳಿದ್ದರೆಂದು ಅಂದಾಜು. 2023ರಲ್ಲಿ ಅದು ಹದಿನಾಲ್ಕಕ್ಕೆ ಇಳಿದಿತ್ತು. ಅಲ್ಲಿ ಕಷ್ಟವಾದದ್ದು ನಡೆಯುವವರದು: ದನಗಾಹಿಗಳು, ಅಲೆಮಾರಿಗಳು, ಯುದ್ಧದಿಂದ ಓಡಿಬಂದವರು. ಮನೆಯ ಕೊಡಕ್ಕೆ ಕಟ್ಟುವ ಬಟ್ಟೆ ಹೊಲದ ದಾರಿಯಲ್ಲಿ ಜೊತೆಗಿರುವುದಿಲ್ಲ. ನಮ್ಮ ಮಾವನಿಗೆ ಆದದ್ದೂ ಅದೇ. ಆದುದರಿಂದ ಗೇಣುದ್ದದ ಕೊಳವೆಯೊಂದರ ತುದಿಗೆ ನೈಲಾನ್ ಜಾಲರಿಯನ್ನು ಕಟ್ಟಿ, ದಾರ ಪೋಣಿಸಿ, ಕೊರಳಿಗೆ ಹಾಕಿಕೊಳ್ಳುವಂತೆ ಮಾಡಿದರು. 2001ರಲ್ಲಿ ಸುಡಾನಿನಲ್ಲಿ ಇಂಥ ಕೊಳವೆಗಳನ್ನು ಲಕ್ಷಗಟ್ಟಲೆ ಹಂಚಲಾಯಿತು. ಇವನ್ನು ತಯಾರಿಸಿದ ಕಂಪೆನಿಯೇ ಮುಂದೆ ಕೊಳವೆಯೊಳಗೆ ಇನ್ನೂ ಸೂಕ್ಷ್ಮವಾದ ಸೋಸಣಿಗೆಯನ್ನಿಟ್ಟು, 2005ರಲ್ಲಿ ಲೈಫ್‌ಸ್ಟ್ರಾ ಎಂಬ ಹೆಸರಿನಿಂದ ಲೋಕದ ಮುಂದಿಟ್ಟಿತು. ಇಂದು ಗುಡ್ಡ ಹತ್ತುವ ಹುಡುಗರ ಚೀಲದಲ್ಲಿರುವ ಹಗುರ ಸೋಸಣಿಗೆಗಳಲ್ಲಿ ಅದೂ ಒಂದು. ನಾರುಹುಣ್ಣಿನ ಬಟ್ಟೆ ಹೀಗೆ ವಿಹಾರಿಗಳ ಕೊಳವೆಯಾಯಿತು.

ನಾನು ಒಯ್ದ ಸಾಧನದ ರಚನೆಯನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಕೊಳವೆಯೊಳಗೆ ಶ್ಯಾವಿಗೆಯ ಎಳೆಗಳಂತೆ ಟೊಳ್ಳಾದ ನೂಲುಗಳ ಕಂತೆಯಿದೆ. ಆ ನೂಲಿನ ಗೋಡೆಯಲ್ಲಿರುವ ರಂಧ್ರಗಳು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲಿನಷ್ಟು. ನಾರುಹುಣ್ಣಿನ ಜಾಲರಿಗಿಂತ ಸಾವಿರ ಪಟ್ಟು ಸಣ್ಣ. ಕಾಲರಾ, ವಿಷಮಶೀತಜ್ವರಗಳ ಅಣುಜೀವಿಗಳೂ ಅದನ್ನು ದಾಟವು. ಕೊಳಕು ನೀರಿನ ಚೀಲವನ್ನು ಗಿಡದ ಟೊಂಗೆಗೆ ತೂಗುಹಾಕಿ, ಅದರ ಬಾಯಿಗೆ ಸೋಸಣಿಗೆಯನ್ನು ತಿರುಗಿಸಿ, ಕೆಳಗೆ ಶೀಸೆಯನ್ನಿಟ್ಟರೆ ನೀರು ತನ್ನ ಭಾರದಿಂದಲೇ ಇಳಿಯುತ್ತದೆ. ರಾಡಿ ನೀರು ರಂಧ್ರಗಳನ್ನು ಬೇಗ ಕಟ್ಟಿಸುವುದರಿಂದ ಚೀಲಕ್ಕೆ ತುಂಬುವಾಗಲೇ ಹಳೆಯ ಹತ್ತಿಬಟ್ಟೆಯ ನಾಲ್ಕು ಮಡಿಕೆಯಲ್ಲಿ ಸೋಸಬೇಕು. ಈ ಮಡಿಕೆಯ ಬೆಲೆ ಕಡಮೆಯದಲ್ಲ. ಅಮೆರಿಕದ ರೀಟಾ ಕೋಲ್ವೆಲ್ ಮತ್ತು ಸಂಗಡಿಗರು ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ಮಡಚಿ ಸೋಸುವುದನ್ನು ಕಲಿಸಿ, ಅಲ್ಲಿ ಕಾಲರಾ ಸುಮಾರು ಅರ್ಧಕ್ಕೆ ಇಳಿದುದನ್ನು 2003ರಲ್ಲಿ ಪ್ರಕಟಿಸಿದರು. ಸೈಕ್ಲಾಪ್ಸಿನ ಬಂಧುಗಳಾದ ಜೀವಿಗಳ ಮೈಗೆ ಕಾಲರಾದ ಅಣುಜೀವಿ ಅಂಟಿಕೊಂಡಿರುವುದೇ ಇದಕ್ಕೆ ಕಾರಣ. ಹೊಸ ಬಟ್ಟೆಗಿಂತ ಹಳೆಯದೇ ಮೇಲು. ಒಗೆದು ಒಗೆದು ಎಳೆ ಬಿಟ್ಟುಕೊಂಡು ರಂಧ್ರಗಳು ಚಿಕ್ಕವಾಗಿರುತ್ತವೆ.

ದಿನವೂ ಸಂಜೆ ಶುದ್ಧ ನೀರನ್ನು ಸೋಸಣಿಗೆಯಲ್ಲಿ ಹಿಮ್ಮುಖವಾಗಿ ಒತ್ತಿ ಹರಿಸಿ ಕಸವನ್ನು ಕಳೆಯಬೇಕು. ಕೊಳಕು ಚೀಲ, ಶುದ್ಧ ಶೀಸೆ ಎರಡಕ್ಕೂ ಗುರುತಿಟ್ಟು ಬೇರೆಯಾಗಿಡಬೇಕು. ಒಂದರ ಹನಿ ಇನ್ನೊಂದರ ಬಾಯಿಗೆ ತಾಗಿದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಕಾಮಾಲೆ ತರುವ ವೈರಸ್ಸುಗಳು ಈ ರಂಧ್ರಗಳಿಗಿಂತ ಸಣ್ಣವಾದುದರಿಂದ, ಜನ ಸೇರುವ ಜಾಗದ ನೀರಿಗೆ ಕ್ಲೋರಿನ್ ಗುಳಿಗೆ ಹಾಕಿ ಅರ್ಧ ಗಂಟೆ ಕಾಯಬೇಕು, ಇಲ್ಲವೆ ಕುದಿಸಬೇಕು. ನೀರಿನಲ್ಲಿ ಕರಗಿದ ಉಪ್ಪು, ಫ್ಲೋರೈಡುಗಳನ್ನು ಬಟ್ಟೆಯಾಗಲಿ ಕೊಳವೆಯಾಗಲಿ ಹಿಡಿಯಲಾರವು. ಡೋಣಿಯ ನೀರನ್ನು ಎಷ್ಟು ಸೋಸಿದರೂ ಅದು ತಿಳಿಯಾದ ಉಪ್ಪುನೀರು. ಆದಕಾರಣ ಒಯ್ಯುವ ನೀರನ್ನು ಎಲ್ಲಿ ತುಂಬಿಕೊಳ್ಳಬೇಕೆಂಬ ಹಳಬರ ತಿಳಿವಳಿಕೆಗೆ ಬದಲಿ ಯಾವುದೂ ಇಲ್ಲ.

ನಲ್ಲಮಲದಲ್ಲಿ ನಾಗಲೂಟಿಯನ್ನು ಬಿಟ್ಟು ಪೆದ್ದ ಚೆರುವಿನ ಕಡೆ ನಡೆದಿದ್ದೆವು. ಈಗ ದಾರಿಯಲ್ಲಿ ಅಲ್ಲಲ್ಲಿ ದಾನಿಗಳ ನೀರು ಸಿಗುತ್ತದೆ. ಆ ಮಧ್ಯಾಹ್ನ ನಮಗೆ ಸಿಕ್ಕಿರಲಿಲ್ಲ. ಕೆರೆಯ ದಂಡೆಯಲ್ಲಿ ಗಿಡಕ್ಕೆ ಚೀಲ ತೂಗುಹಾಕಿ ಕೂತೆ. ಒಂದು ಶೀಸೆ ತುಂಬಿತು; ಎರಡನೆಯದನ್ನು ಇಟ್ಟೆ. ಇಂಡಿಯ ಕಡೆಯ ಹೆಣ್ಣುಮಗಳೊಬ್ಬಳು ಕೂಸನ್ನೆತ್ತಿಕೊಂಡು ಬಂದು, “ಯಪ್ಪಾ, ಆ ನಳಗಿ ನೀರು ಒಂದೀಟು ಕೊಡ್ರಿ, ಕೂಸಿಗಿ ನೀರಡಿಕಿ ಆಗ್ಯಾದ” ಎಂದಳು. ನಿಜ ಹೇಳಬೇಕು: ನಾನು ಕೂಡಲೇ ಕೊಡಲಿಲ್ಲ. ಮುಂದೆ ಭೀಮುನಿ ಕೊಲನಿನ ಇಳಿಜಾರು, ಅದರಾಚೆ ಕೈಲಾಸ ದ್ವಾರದ ಏರು. ನನ್ನ ಲೆಕ್ಕಕ್ಕೆ ಎರಡು ಶೀಸೆ ಬೇಕಿತ್ತು. ನಾನು ಲೆಕ್ಕ ಹಾಕುತ್ತಿರುವಾಗಲೇ ಆಕೆ ಸುಮ್ಮನೆ ತಿರುಗಿ ಕೆರೆಗೆ ಇಳಿಯತೊಡಗಿದಳು. ನೀರಿಗೆ ಇಟ್ಟ ಆ ಕಾಲನ್ನು ಕಂಡು ನನಗೆ ನಮ್ಮ ಬಾವಿಯ ಮೆಟ್ಟಿಲು, ಮಾವ, ಆಯಿಯ ಪ್ರಶ್ನೆ ಎಲ್ಲ ಒಟ್ಟಿಗೆ ನೆನಪಾದುವು. ಕರೆದು ತುಂಬಿದ ಶೀಸೆಯನ್ನು ಕೊಟ್ಟೆ. ಹಿಂದೆ ಬಂದವರೂ ಕೇಳಿದರು. ಅಂದು ಆ ಗಿಡದ ಕೆಳಗೆ ನಾನು ಎರಡು ತಾಸು ಕೂತೆ. ನಮ್ಮ ಗುಂಪಿನವರು ಬೈದುಕೊಳ್ಳುತ್ತಲೇ ಕಾದರು.

ಹಳಬರು ನೀರಿನ ಹುಳುವಿಗಾಗಿ ಸೋಸಿದರು, ನಾವು ನಮ್ಮ ಹೊಟ್ಟೆಗಾಗಿ ಸೋಸುತ್ತೇವೆ. ನಮ್ಮ ಬಳಿಕ ಅದೇ ಕೆರೆಯಲ್ಲಿ ಬೊಗಸೆಯೊಡ್ಡುವವನ ನೆನಪು ಎರಡಕ್ಕೂ ಬೇಕು. ನೀರಿನ ನೆಲೆಗೆ ಹುಣ್ಣಿನ ಕಾಲನ್ನು ಇಡಬಾರದು, ಅದರ ಹತ್ತಿರ ಹೊಲಸು ಮಾಡಬಾರದು, ಸೋಸಿದ ಬಟ್ಟೆಯನ್ನು ಅದರಲ್ಲಿ ಜಾಡಿಸದೆ ದೂರದ ನೆಲದ ಮೇಲೆ ತೊಳೆಯಬೇಕು. ಇಷ್ಟು ಮಾಡುವುದಕ್ಕೆ ಕೊಳವೆಯೂ ಬೇಡ, ಹಣವೂ ಬೇಡ. ಬರುವ ಯುಗಾದಿಗೆ ನನ್ನ ಮೊಣಕಾಲು ಒಪ್ಪಿದರೆ ಮತ್ತೆ ಹೊರಡುವವನಿದ್ದೇನೆ. ಮೊಮ್ಮಗನಿಗೆ ಇನ್ನೊಂದು ಕೊಳವೆಯನ್ನು ಕಳಿಸೆಂದು ಬರೆದಿದ್ದೇನೆ. ಒಂದು ನನಗೆ, ಇನ್ನೊಂದು ದಾರಿಯಲ್ಲಿ ಕೇಳುವವರಿಗೆ.